ಒಂಬೈನೂರು ಮೂಟೆಯ ಮಹಾತಂತ್ರ

"ಈ ಸುತ್ತು ಮುಗೀಲಿ, ಆಮೇಲೆ ನೋಡು! ಉತ್ತರದ ದೊರೆ ಬಂದು ನನ್ನ ಕಾಲಿಗೆ ಬೀಳ್ತಾನೆ!" ಎಂದು ಕನ್ನಡಕದ ಅಂಗಡಿಯವರು ಅಡುಗೆಮನೆಯ ಬಾಗಿಲಲ್ಲಿ ನಿಂತು ಘೋಷಿಸಿದರು.

"ಮೊದಲು ಆ ಕಾಲು ತೆಗೀರಿ, ನೆಲ ಒರೆಸ್ಬೇಕು," ಎಂದಳು ಹೆಂಡತಿ.

ಅದು ಅಂಚೆಯಲ್ಲಿ ಆಡುವ ಯುದ್ಧದಾಟ. ಒಬ್ಬೊಬ್ಬ ದೊರೆಯೂ ತನ್ನ ಆಜ್ಞೆಗಳನ್ನು ಹಾಳೆಯಲ್ಲಿ ತುಂಬಿ ಕಳಿಸಬೇಕು. ಆಟ ನಡೆಸುವವರು ಎಲ್ಲರದ್ದನ್ನೂ ಕೂಡಿಸಿ, ಯಾರು ಗೆದ್ದರು, ಯಾರು ಮಣ್ಣು ಮುಕ್ಕಿದರು ಎಂದು ಅಂಚೆಯಲ್ಲೇ ತಿಳಿಸುತ್ತಾರೆ. ಅಂಗಡಿಯವರ ಮಿತ್ರರಾಜ ಹೆಂಡತಿಯ ಸ್ವಂತ ಅಣ್ಣ. ತನ್ನವಳು ತೀರಿಕೊಂಡ ಮೇಲೆ ಆ ಮನುಷ್ಯ ಮನೆಬಿಟ್ಟು ಹೊರಡುತ್ತಿದ್ದುದೇ ಈ ಆಟದ ನೆಪದಲ್ಲಿ. ವಾರವಾರ ತಂಗಿಯ ಮನೆಗೆ ಬಂದು, ನಕ್ಷೆ ಹರಡಿ ಜಗಳಾಡಿ, ಉಂಡು ಹೋಗುತ್ತಿದ್ದ. ಇಬ್ಬರ ಸೈನ್ಯದ ಚಳಿಗಾಲದ ಧಾನ್ಯವೂ ಅಂಗಡಿಯವರ ಉಗ್ರಾಣದಲ್ಲೇ ಇತ್ತು.

ಎರಡೇ ಮೂಟೆ ಮಾರಾಟಕ್ಕಿಟ್ಟು, ಮೂಟೆಗೆ ಒಂಬೈನೂರು ನಾಣ್ಯ ಹೇಳಿ ಹಸಿದ ಶತ್ರುವಿನ ಚರ್ಮ ಸುಲಿಯುವುದು ಅಂಗಡಿಯವರ ಮಹಾತಂತ್ರ!

"ಕಳಿಸೋ ಮುಂಚೆ ಇನ್ನೊಂದ್ಸಲ ಓದ್ರಿ," ಎಂದಳು ಹೆಂಡತಿ, ಗಂಡ ಹಾಳೆ ತುಂಬಿ ಮಡಚುವಾಗ.

"ಊರಿನವರ ಕಣ್ಣೆಲ್ಲ ಸರಿಮಾಡೋನು ನಾನು! ನನಗೇ ಕಣ್ಣು ಕಾಣಲ್ವಾ?"

ಫಲಿತಾಂಶ ಬಂತು. ಬೆಲೆಯ ಜಾಗದಲ್ಲಿ ಮೂಟೆ, ಮೂಟೆಯ ಜಾಗದಲ್ಲಿ ಬೆಲೆ! ಒಂಬೈನೂರು ಮೂಟೆ, ಮೂಟೆಗೆ ಎರಡು ನಾಣ್ಯ! ಉತ್ತರದ ದೊರೆ ಉಗ್ರಾಣವನ್ನು ಗುಡಿಸಿ ಸಾರಿಸಿ ಹೋಗಿದ್ದ. ಹೊಟ್ಟೆಗಿಲ್ಲದೆ ಭಾವನ ಸೈನ್ಯ ಚದುರಿ, ಕೋಟೆ ಬಿದ್ದಿತ್ತು.

ಭಾವ ಚಪ್ಪಲಿ ಸಮೇತ ಒಳಗೆ ಬಂದ. "ಏನ್ರೀ ಇದು? ಯಾರು ಬರೆದದ್ದು?"

ಅಂಗಡಿಯ ಸಾಮ್ರಾಟರು ಕನ್ನಡಕ ತೆಗೆದು ಒರೆಸತೊಡಗಿದರು. "ಅದು... ಅಂಗಡೀಲಿ ಜನ ಜಾಸ್ತಿ ಇದ್ರು ಭಾವ. ನಿಮ್ಮ ತಂಗಿ ಕೈಲಿ ಬರೆಸಿದ್ದೆ."

"ನೀನಾ?" ಎಂದು ಅಣ್ಣ ತಂಗಿಯತ್ತ ತಿರುಗಿದ. ಅವಳು ಗಂಡನ ಮುಖ ನೋಡಿದಳು. ಗಂಡ ಒರೆಸಿದ ಕನ್ನಡಕವನ್ನೇ ಮತ್ತೆ ಮತ್ತೆ ಒರೆಸುತ್ತಿದ್ದರು. ಅವಳು ಅಣ್ಣನಿಗೆ ತಟ್ಟೆ ಹಾಕಿದಳು. ಅಣ್ಣ ನಕ್ಷೆ ಮಡಚಿಕೊಂಡು, ಹಾಕಿಟ್ಟ ತಟ್ಟೆಯ ಕಡೆ ತಿರುಗಿಯೂ ನೋಡದೆ ಹೊರಟುಹೋದ.

ಮುಂದಿನ ವಾರ ಅವನು ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ.

"ಫೋನ್ ಮಾಡಿ ನಿಜ ಹೇಳ್ರಿ."

"ಆಟ ಕಣೇ! ತಾನಾಗೇ ತಣ್ಣಗಾಗ್ತಾರೆ ಬಿಡು."

"ನಿಮಗೆ ಆಟ. ಅವನಿಗೆ ಇನ್ನೇನು ಉಳಿದಿದೆ ಹೇಳಿ?"

ಅಂಗಡಿಯವರು ಪೇಪರ್ ಅಡ್ಡ ಹಿಡಿದರು. ಅವಳು ಊಟದ ಡಬ್ಬಿ ಹಿಡಿದು ತಾನೇ ಅಣ್ಣನ ಮನೆಗೆ ಹೋದಳು, ಹೊತ್ತಾಗಿ ಬಂದಳು. ಏನು ಮಾತಾಡಿದಿರಿ ಎಂದರೆ ಖಾಲಿ ಡಬ್ಬಿ ತೊಳೆಯತೊಡಗಿದಳು.

ಮತ್ತೆ ಅಂಚೆ ಬಂತು. ಭಾವನ ಅಳಿದುಳಿದ ಸೈನ್ಯ ಉತ್ತರದ ದೊರೆಯೊಂದಿಗೆ ಕೈಜೋಡಿಸಿ, ಕಾವಲಿಲ್ಲದ ಹಿಂಬಾಗಿಲಿನಿಂದಲೇ ರಾಜಧಾನಿಗೆ ನುಗ್ಗಿತ್ತು. ಸಿಂಹಾಸನ ಹೋಯಿತು, ರಾಜ್ಯ ಹೋಯಿತು, ಅಂಗಡಿಯವರು ಆಟದಿಂದಲೇ ಹೊರಗೆ!

"ದ್ರೋಹ!" ಎಂದು ಕಿರುಚಿದರು. "ಇಷ್ಟು ಚೊಕ್ಕವಾಗಿ ಹೊಂಚು ಹಾಕೋದು ನಿಮ್ಮಣ್ಣನಿಗೆ ಯಾವಾಗ ಬಂತು?"

ಹೆಂಡತಿ ಡಬ್ಬಿಯ ಮುಚ್ಚಳ ಒತ್ತಿ ಚಪ್ಪಲಿ ಮೆಟ್ಟಿದಳು. "ಅವನಿಗೆಲ್ಲಿ ಬರುತ್ತೆ, ಪಾಪ," ಎಂದಳು. "ಈ ಸಲದ್ದು ನಿಜವಾಗ್ಲೂ ನಾನೇ ಬರೆದಿದ್ದು."