ಒಂದೇ ಕುರ್ಚಿಯ ಸಂಗೀತ

ಗಂಡ ಕುಡಿದು ಬೀದಿಯಲ್ಲಿ ಬಿದ್ದರೆ ಅಯ್ಯೋ ಅನ್ನಲು ನಾಲ್ಕು ಜನ ಸಿಗುತ್ತಾರೆ. ಗಂಡ ಮನೆಯಲ್ಲೇ ಕೂತು ಹಾಡು ಕೇಳುತ್ತಾನೆ ಎಂದು ಹೇಳಿ ನೋಡಿ, ನಾಯಿಯೂ ತಿರುಗಿ ನೋಡುವುದಿಲ್ಲ. ಕೆಳಗಿನ ಮನೆಯ ಟೈಲರಮ್ಮನ ಹತ್ತಿರ ನಾನು ಹೇಳಿ ನೋಡಿದೆ. ತುಟಿಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿಗಳನ್ನೂ ತೆಗೆಯದೆ ತೀರ್ಪು ಕೊಟ್ಟರು: "ಕುಡಿಯಲ್ಲ, ಸೇದಲ್ಲ, ಸಂಜೆ ಆದ್ರೆ ಮನೇಲಿರ್ತಾರೆ. ಪುಣ್ಯ ಮಾಡಿದ್ದೀರಿ ಬಿಡಿ."

ಮನೆಯಲ್ಲಿರುತ್ತಾರೆ, ನಿಜ. ಮನೆಯಲ್ಲಿ ಬೀರುವೂ ಇರುತ್ತದೆ.

ನಮ್ಮವರು ಲಿಫ್ಟ್ ಕಂಪನಿಯಲ್ಲಿ ತಪಾಸಣೆಗಾರರು. ಮೇಲಿನ ಮಹಡಿಯಲ್ಲಿ ಲಿಫ್ಟಿನ ಹಗ್ಗ ಕಿರ್ ಅಂದರೆ ಕೆಳಗೆ ನಿಂತೇ ಹೇಳಬಲ್ಲ ಕಿವಿ. (ಪಕ್ಕದ ಕೋಣೆಯಿಂದ ಹೆಂಡತಿ ಕರೆದರೆ ಮಾತ್ರ ಆ ಕಿವಿಗೆ ಅಂದು ರಜೆ.) ಅವರ ಖಯಾಲಿ ಪ್ರೊಗ್ರೆಸಿವ್ ರಾಕ್ ಎಂಬ ವಿದೇಶಿ ಬ್ಯಾಂಡ್ ಸಂಗೀತ, ಅದರ ಹಳೆಯ ಆಲ್ಬಮ್‌ಗಳನ್ನು ವಿನೈಲ್ ತಟ್ಟೆಗಳಲ್ಲಿ, ಅಂದರೆ ಗ್ರಾಮಫೋನ್ ರೆಕಾರ್ಡುಗಳಲ್ಲಿ, ಹೊಸದಾಗಿ ಮರುಮುದ್ರಿಸಿದಾಗಲೆಲ್ಲ ತಂದು ಕೂಡಿಡುವುದು. ಗೊತ್ತಿಲ್ಲದ ಪುಣ್ಯವಂತರಿಗೆ ಹೇಳುತ್ತೇನೆ: ಈ ಸಂಗೀತದಲ್ಲಿ ಒಂದು ಹಾಡೆಂದರೆ ಎಷ್ಟೋ ಸಲ ತಟ್ಟೆಯ ಒಂದು ಇಡೀ ಬದಿ. ಹಾಡುವವನು ಬಾಯಿ ಬಿಡುವ ಹೊತ್ತಿಗೆ ನಾನು ಪಾತ್ರೆ ತೊಳೆದು, ಒರೆಸಿ, ಎತ್ತಿಟ್ಟು, ನನ್ನ ಬಾಳಿನ ಬಗ್ಗೆ ಒಂದು ಸುತ್ತು ಯೋಚಿಸಿಯೂ ಆಗಿರುತ್ತದೆ.

ಈ ಮರುಮುದ್ರಣದ ಕಂಪನಿಗಳಷ್ಟು ನಾಚಿಕೆಗೆಟ್ಟವರನ್ನು ನಾನು ಕಂಡಿಲ್ಲ. ಒಂದೇ ಆಲ್ಬಮ್ಮನ್ನು ಮೂಲ ಟೇಪಿನಿಂದ ತೆಗೆದದ್ದೆಂದು ಒಮ್ಮೆ, ತಟ್ಟೆ ದಪ್ಪ ಎಂದು ಒಮ್ಮೆ, ನೀಲಿ ಬಣ್ಣದ್ದೆಂದು ಇನ್ನೊಮ್ಮೆ ಮಾರುತ್ತಾರೆ. ನಿನ್ನೆಯ ಅಡುಗೆಯನ್ನು ನಾನು ಹೀಗೆ ಬಿಸಿ ಮಾಡಿ ಬಿಸಿ ಮಾಡಿ ಬಡಿಸಿದರೆ ಅದು ಸೋಮಾರಿತನ. ಕಂಪನಿ ಬಡಿಸಿದರೆ ಸಂಗ್ರಹ.

"ಇದೂ ಅದೇ ಅಲ್ವೇನ್ರೀ?" ಎಂದು ಒಮ್ಮೆ ಕೇಳಿದ್ದೆ.

"ಅದೇ ಹೇಗಾಗುತ್ತೆ? ಇದರಲ್ಲಿ ಕೊಳಲಿನವನು ಉಸಿರು ಎಳ್ಕೊಳ್ಳೋದೂ ಕೇಳುತ್ತೆ."

ಎಲ್ಲಿಯವನೋ ಯಾವ ಕಾಲದವನೋ, ಆ ಕೊಳಲಿನವನ ಉಸಿರು ಕೇಳುತ್ತದೆ. ಬಾಗಿಲಲ್ಲಿ ನಿಂತವಳ ನಿಟ್ಟುಸಿರು ಕೇಳುವುದಿಲ್ಲ.

ನನ್ನ ಕೆಲಸ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ, ಬಂದವರನ್ನು ಸರದಿಯಂತೆ ಒಳಗೆ ಕಳಿಸುವುದು. ಹಗಲೆಲ್ಲ ಬಾಯಿ ತೆರೆದೂ ಮಾತಾಡಲಾಗದವರ ನಡುವೆ. ಸಂಜೆಯಾದರೆ ಬಾಯಿದ್ದೂ ಮಾತಾಡದವರ ಜೊತೆ. ನಾನು ಕೇಳುತ್ತಿದ್ದದ್ದು ಆಸ್ತಿಯಲ್ಲ, ಒಡವೆಯಲ್ಲ. ದಿನಕ್ಕೊಮ್ಮೆ ಆ ಮನುಷ್ಯ ನನ್ನ ಪಕ್ಕದಲ್ಲಿ ಕೂತು, ನನ್ನ ಮಾತಿಗೆ "ಆಮೇಲೆ?" ಅನ್ನಬೇಕು. ಅಷ್ಟೇ.

ಆಗ ನನ್ನ ತಲೆಗೆ ಆ ದಿವ್ಯ ಉಪಾಯ ಹೊಳೆಯಿತು. ಬೆಟ್ಟ ನನ್ನ ಹತ್ತಿರ ಬರದಿದ್ದರೆ ನಾನೇ ಬೆಟ್ಟದ ಪಕ್ಕ ಒಂದು ಕುರ್ಚಿ ಹಾಕಿಕೊಂಡು ಕೂತರಾಯಿತು.

ಕುರ್ಚಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಮುಂದಿನ ಕೋಣೆಯಲ್ಲಿ ಎಡಕ್ಕೊಂದು, ಬಲಕ್ಕೊಂದು ಸ್ಪೀಕರು. ಎರಡರಿಂದಲೂ ಸಮದೂರದಲ್ಲಿ, ಕರೆಕ್ಟಾಗಿ ಅಳೆದು ನೆಲಕ್ಕೆ ಟೇಪು ಅಂಟಿಸಿದ ಗುರುತಿನ ಮೇಲೆ, ಅವರ ಸಿಂಹಾಸನ. ಸಂಗೀತ ಸರಿಯಾಗಿ ಕೂಡಿಕೊಳ್ಳುವುದು ಆ ಒಂದು ಜಾಗದಲ್ಲಂತೆ. ಕಸ ಗುಡಿಸುವಾಗ ಬೆರಳಗಲ ಸರಿದರೂ ಅಂದು ಸಂಜೆ ಮನೆಯಲ್ಲಿ ತನಿಖಾ ಆಯೋಗ.

ಊಟದ ಮೇಜಿನ ಕುರ್ಚಿ ತಂದು ಆ ಸಿಂಹಾಸನದ ಪಕ್ಕ ಹಾಕಿದೆ. "ರೀ, ನನಗೂ ಕೇಳಿಸಿ."

ಅವರು ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡ ಲಿಫ್ಟಿನಂತೆ ನಿಂತುಬಿಟ್ಟರು. "ಹುಷಾರಾಗಿದ್ದೀಯಾ?"

"ಏನಾಗಿದೆ ನನಗೆ? ಹಾಕಿ."

ಒಂದು ಬದಿ ಮುಗಿಯುವವರೆಗೆ ಮಾತಾಡಬಾರದೆಂಬುದು ಅವರ ಕಾನೂನು. ಬಾಯಿ ಕಟ್ಟಿಕೊಂಡು ಕೂತೆ. ಯಾರೋ ಡೋಲು ಬಡಿದರು, ಯಾರೋ ಆರ್ಗನ್ನಿನ ಮೇಲೆ ಬಿದ್ದು ಎದ್ದ ಹಾಗಾಯಿತು, ನಡುವೆ ಯಾಕೋ ಎಲ್ಲರೂ ಸುಮ್ಮನಾದರು. ನಾನಂತೂ ಅವರ ಮೊಣಕೈ ನನ್ನ ಮೊಣಕೈಗೆ ತಾಗುತ್ತಿದ್ದುದನ್ನೇ ಕೇಳುತ್ತಿದ್ದೆ.

ತಟ್ಟೆಯ ಮೇಲಿಂದ ಮುಳ್ಳು ಎದ್ದ ಕೂಡಲೇ ಅವರು ತಿರುಗಿದರು. "ಹೇಗಿತ್ತು?"

"ತುಂಬಾ ಚೆನ್ನಾಗಿತ್ತು." (ಸುಳ್ಳು.)

"ಯಾವ ಭಾಗ?"

"ಆ... ನಡುವಿಂದು." (ಮಹಾ ಸುಳ್ಳು.)

ಅವರ ಕಣ್ಣು ಒದ್ದೆಯಾಯಿತು. "ನಡುವಿಂದಾ? ಅದನ್ನ ಇಷ್ಟ ಅಂದವರು ಇವತ್ತಿಗೂ ಒಬ್ಬರೂ ಸಿಕ್ಕಿಲ್ಲ ಕಣೇ ನನಗೆ."

ಅಲ್ಲಿಗೆ ನನಗೆ ಒಂದು ಅರ್ಥವಾಯಿತು. ಈ ಮನುಷ್ಯನೂ ಇಷ್ಟು ವರ್ಷ ಅಲ್ಲಿ ಒಬ್ಬನೇ ಕೂತಿದ್ದ. ಒಂದೇ ಮನೆಯಲ್ಲಿ ಎರಡು ಒಂಟಿತನ ಸಾಕುತ್ತಿದ್ದೆವು, ಬೇರೆ ಬೇರೆ ತಟ್ಟೆಯಲ್ಲಿ ಬಡಿಸಿಕೊಂಡು. ಇನ್ನು ಎಲ್ಲ ಸರಿಹೋಯಿತು ಎಂದು ಆ ದಿನ ಸುಖವಾಗಿ ನಿದ್ದೆ ಮಾಡಿದೆ.

ಮರುದಿನ ಸಂಜೆ ಕ್ಲಿನಿಕ್ಕಿನಿಂದ ಬಂದರೆ ನಾನು ತಂದಿಟ್ಟ ಕುರ್ಚಿ ಊಟದ ಮೇಜಿಗೆ ಮರಳಿತ್ತು. ಸಿಂಹಾಸನಕ್ಕೆ ಹೊಸ ದಿಂಬು. ಪಕ್ಕದಲ್ಲಿ ಸ್ಟೂಲು, ಸ್ಟೂಲಿನ ಮೇಲೆ ನನಗೆ ಚಹಾ.

"ಕೂತ್ಕೋ. ಇನ್ಮೇಲೆ ಸಂಜೆ ಇದು ನಿನ್ನ ಜಾಗ."

"ಮತ್ತೆ ನೀವು?"

"ಅಲ್ಲಿ ಇಬ್ಬರು ಕೂತರೆ ಇಬ್ಬರಿಗೂ ಅರ್ಧರ್ಧ ಕೇಳೋದು. ನಿನ್ನೆ ನಿನಗೆ ಅರ್ಧ ಕೇಳಿಸಿ ಪಾಪ ಮಾಡಿದೆ. ಇಷ್ಟು ಪ್ರೀತಿ ಇಟ್ಕೊಂಡಿರೋಳಿಗೆ ಅರ್ಧ ಕೊಡೋಕೆ ಮನಸ್ಸಿಲ್ಲ ನನಗೆ."

"ನನಗೆ ಅರ್ಧ ಸಾಕು ಕಣ್ರೀ."

"ಸುಮ್ಮನಿರು, ನಿನ್ನದು ಯಾವಾಗಲೂ ಇದೇ ತ್ಯಾಗ. ಅಡುಗೆಮನೆ ನಾನು ನೋಡ್ಕೋತೀನಿ."

ಕಾಲೇಜಿಗೆ ಹೋಗುವ ನಮ್ಮ ಮಗಳು ಬಾಗಿಲಿಗೆ ಒರಗಿ ನಿಂತು ಕಣ್ಣರಳಿಸಿದಳು. "ಅಮ್ಮ, ಆ ಕುರ್ಚೀಲಿ ನನ್ನನ್ನೂ ಯಾವತ್ತೂ ಕೂರಿಸಿಲ್ಲ ಗೊತ್ತಾ? ಲಕ್ಕಿ ನೀನು."

ಬೇಡ ಅನ್ನಬಹುದಿತ್ತು. ಆದರೆ ಆಯುಷ್ಯವೆಲ್ಲ ಕೂಡಿಟ್ಟದ್ದನ್ನು ಒಬ್ಬ ಮನುಷ್ಯ ಎರಡೂ ಕೈಯಲ್ಲಿ ಹಿಡಿದು ಕೊಡಲು ನಿಂತಾಗ, ನನಗಿದು ಇಷ್ಟವೇ ಇಲ್ಲ ಎಂದು ಯಾವ ಬಾಯಲ್ಲಿ ಹೇಳಲಿ? ಕೂತೆ. ಮುಳ್ಳು ಇಟ್ಟರು, ಹೋದರು.

ಎಡದಿಂದ ಗಿಟಾರು, ಬಲದಿಂದ ಆರ್ಗನ್ನು, ನಟ್ಟನಡುವೆ ನಾನು. ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವ ಸದ್ದು. ಮಗಳು ಕಾಲೇಜಿನ ಯಾವುದೋ ಕಥೆ ಹೇಳುತ್ತಿದ್ದಳು. ಅವರು ಕೇಳಿ ಕೇಳಿ ನಗುತ್ತಿದ್ದರು. ಆ ನಗು ಹೇಗಿರುತ್ತದೆ ಎಂಬುದನ್ನೇ ನಾನು ಮರೆತುಬಿಟ್ಟಿದ್ದೆ. ಕತ್ತು ಚಾಚಿ ಒಂದೊಂದು ಮಾತು ಹಿಡಿಯಲು ನೋಡಿದೆ. ಡೋಲಿನವನು ಬಿಡಲಿಲ್ಲ.

ಬದಿ ಮುಗಿಯಿತು. ಎದ್ದು ಹೋಗಲು ಇದೇ ಸಮಯವೆಂದು ಅರ್ಧ ಎದ್ದೆ. ಅಷ್ಟರಲ್ಲಿ ಅವರೇ ಟವೆಲ್ಲಿಗೆ ಕೈ ಒರೆಸಿಕೊಳ್ಳುತ್ತ ಓಡಿ ಬಂದರು. "ಏಳಬೇಡ, ಏಳಬೇಡ, ನಾನಿದ್ದೀನಿ." ತಟ್ಟೆಯ ಅಂಚನ್ನಷ್ಟೇ ಹಿಡಿದು ತಿರುವಿ ಹಾಕಿದರು. ಹೋಗುವಾಗ ಬಾಗಿಲ ಹತ್ತಿರ ನಿಂತು ನನ್ನ ಮುಖ ನೋಡಿದರು.

"ನಮ್ಮ ಮಾತಿಂದ ನಿನಗೆ ತೊಂದರೆ ಆಗ್ತಿದೆ ಅಲ್ವಾ?" ಎಂದು, ನಾನು ಬಾಯಿ ತೆರೆಯುವ ಮೊದಲೇ, ಸದ್ದಾಗದಂತೆ ಬಾಗಿಲು ಎಳೆದುಕೊಂಡರು.