ಪಾತ್ರೆ ತನ್ನಿರಿ, ಶುಲ್ಕ ಇಲ್ಲ

ಎಲ್ಲ ರಾದ್ಧಾಂತಕ್ಕೂ ಮೂಲ ಕನ್ನಡ ಸಂಘದ ಬಾಗಿಲಲ್ಲಿದ್ದ ಕರಿಹಲಗೆ.

ಮರಾಠಿ ನಾಡಿನ ಓಝರಿನ ವಿಮಾನ ಕಾರ್ಖಾನೆಯ ಇಂಜಿನಿಯರ್ ಶ್ರೀಪತಿ ಆ ಸಂಘದ ಕಾರ್ಯದರ್ಶಿ. ಸಂಘದ ಖಾಲಿ ಕೋಣೆಯಲ್ಲಿ ಹಳೇ ಪಾತ್ರೆಗಳ ಮ್ಯೂಸಿಯಂ ತೆರೆಯಬೇಕೆಂದು ಅವನಿಗೆ ಹುಚ್ಚು. ಔರಂಗಾಬಾದಿನ ಮ್ಯೂಸಿಯಮ್ಮೊಂದರಲ್ಲಿ ಕೆಲಸ ಮಾಡುವ ಸುಮನ ಅವನ ಯೋಜನೆ ಓದಿ ಫೋನಿನಲ್ಲಿ ಕೇಳಿದ್ದರು: "ಮಂದಿಗೆ ಇದು ಬೇಕಂತ ನೀವೇ ಅಂದ್ಕೊಂಡೀರಿ. ಖರೇನಾ ಅಂತ ನೋಡೀರೇನು?"

ನೋಡೇಬಿಡೋಣ ಎಂದು ಶ್ರೀಪತಿ ಹಲಗೆಯ ಮೇಲೆ ಬರೆದ: "ಭಾನುವಾರ ಮನೆಯ ಹಳೇ ತಾಮ್ರದ ಪಾತ್ರೆ ತನ್ನಿರಿ. ಶುಲ್ಕ ಇಲ್ಲ."

ಭಾನುವಾರ ಬೆಳಿಗ್ಗೆ ಬಾಗಿಲು ತೆಗೆದರೆ, ನಲ್ಲಿ ನೀರು ಬಂದಾಗಿನಂಥ ಸಾಲು! ಹಂಡೆ, ಕೊಡ, ಹಿಟ್ಟು ನಾದುವ ಪರಾತ. ಶ್ರೀಪತಿ ಗಂಡು ಹೆತ್ತವನಂತೆ ಬೀಗಿ ಸುಮನರಿಗೆ ಫೋನ್ ಮಾಡಿದ. "ಮೇಡಂ, ಪರೀಕ್ಷೆ ಪಾಸ್!"

"ಯಾಕ ಬಂದಾರಂತ ಕೇಳಿದ್ರೇನು?"

"ಕೇಳೋದೇನದರಿ? ಕಣ್ಣಿಗೇ ಕಾಣ್ತದ. ಸಂಜೀಕ ನೀವೇ ಬರ್ರಿ."

ಸಾಲಿನಲ್ಲಿದ್ದ ಬೀದರಿನ ಕಸ್ತೂರಿಬಾಯಿ ದೊಡ್ಡ ಹಂಡೆ ಇಳಿಸುತ್ತ, "ಸಂಜೀಕ ಸಿಗ್ತದೇನ್ರಿ?" ಎಂದರು.

ನೋಡಲು ಎಂಥ ಕಾತರ ಎಂದು ಶ್ರೀಪತಿ ಹಿಗ್ಗಿದ. "ಐದಕ್ಕ ಬರ್ರಿ ಬಾಯಿ. ಹೆಂಗ ಹೊಳೀತಿರ್ತಾವ ನೋಡ್ರಿ."

ಇಡೀ ದಿನ ಹುಣಸೆಹಣ್ಣು ಹಚ್ಚಿ ತಿಕ್ಕಿ ಶ್ರೀಪತಿಯ ಕೈ ಬಾವು ಬಂತು. ಸಂಜೆ ಸುಮನ ಬಂದರು, ಸಂಘದ ಅಧ್ಯಕ್ಷ ಗುರುಲಿಂಗಪ್ಪ ಬಂದರು, ಜನವೂ ನೆರೆಯಿತು. ಶ್ರೀಪತಿ ಪರದೆ ಸರಿಸಿದ. ಕೆಂಪು ಬಟ್ಟೆಯ ಮೇಲೆ ಪಾತ್ರೆಗಳು ಮದುಮಕ್ಕಳಂತೆ ಮಿನುಗಿದವು.

ಕಸ್ತೂರಿಬಾಯಿ ನೆಟ್ಟಗೆ ಹೋಗಿ ಹಂಡೆಯೊಳಗೆ ಇಣುಕಿದರು. "ಹೊರಗ ತಿಕ್ಕೀರಿ, ಖರೆ. ಒಳಗ ತವರದ ಕಲಾಯಿ ಎಲ್ಲದರಿ?"

"ಕಲಾಯಿ?"

"ಮತ್ತ? ಪಾತ್ರೆ ತನ್ನಿರಿ, ಶುಲ್ಕ ಇಲ್ಲ ಅಂತ ಬೋರ್ಡ್ ಬರ್ದೀರಲ್ಲ, ಅಂದ್ರ ಪುಕಟ ಕಲಾಯಿ ಅಲ್ಲೇನು! ನಾಳೆ ಮನ್ಯಾಗ ಬೀಗರು ಊಟಕ್ಕ ಬರ್ತಾರ!"

"ನಮ್ಮ ಕೊಡಕ್ಕೂ ಹಾಕಿಲ್ಲ!" ಎಂದು ಹಿಂದಿನಿಂದ, ಬೆಳಿಗ್ಗೆ ಕೊಡ ಕೊಟ್ಟುಹೋಗಿದ್ದ ರೇವಪ್ಪ ಕೂಗಿದ.

"ಇದು... ಇದು ಮ್ಯೂಸಿಯಂರೀ," ಎಂದು ಶ್ರೀಪತಿ ತೊದಲಿದ.

"ಅಂದ್ರ ನಮ್ಮ ಪಾತ್ರೆ ಇಲ್ಲೇ ಇಟ್ಕೋತೀರಾ?" ಎಂದು ಕಸ್ತೂರಿಬಾಯಿ ಹೌಹಾರಿದರು.

ಕೋಣೆ ಸಂತೆಯಾಯಿತು. ಗುರುಲಿಂಗಪ್ಪ, "ಏನ್ ಮರ್ಯಾದಿ ತಗದ್ಯೋ ಶ್ರೀಪತಿ!" ಎಂದು ಟೋಪಿ ಕಣ್ಣಿನವರೆಗೆ ಎಳೆದುಕೊಂಡರು. ಸುಮನ ಹೊರಗೆ ಹೋಗಿ ಕರಿಹಲಗೆ ಓದಿ ಬಂದರು. ಬೈದಿದ್ದರೆ ವಾಸಿಯಿತ್ತು. ಶ್ರೀಪತಿಯ ಮುಖ ಸುಟ್ಟ ಬದನೆಕಾಯಿಯಾಯಿತು. ನೆಲ ಬಾಯಿ ಬಿಟ್ಟಿದ್ದರೆ ಹಂಡೆಗಳ ಸಮೇತ ಇಳಿದುಬಿಡುತ್ತಿದ್ದ.

ಬೆಳಿಗ್ಗೆಯೇ ಕೇಳಬೇಕಾಗಿದ್ದನ್ನು ಈಗ ಕೇಳಿದ, ಕಣ್ಣು ನೆಲದಲ್ಲಿಟ್ಟು: "ತಪ್ಪಾತ್ರಿ, ಕ್ಷಮಿಸ್ರಿ. ಖರೇ ಹೇಳ್ರಿ, ಮ್ಯೂಸಿಯಂ ಬೇಕು ಅನ್ನೋರು ಒಬ್ಬರಾದ್ರೂ ಇದ್ರ ಕೈ ಎತ್ರಿ."

ಬಾಗಿಲ ಬಳಿ ಒಂದೇ ಒಂದು ಕೈ ಮೇಲೆದ್ದಿತು. ಅವನ ಹೆಂಡತಿ ಪ್ರೇಮಾ! ಶ್ರೀಪತಿ ಎದೆಯುಬ್ಬಿಸಿ ನಿಂತ. ಊರೆಲ್ಲ ನಕ್ಕರೂ ಮನೆಯವಳೊಬ್ಬಳು ತನ್ನ ಕಡೆಗಿದ್ದಾಳೆ.

"ಹೇಳು ಪ್ರೇಮಾ, ಎಲ್ಲರಿಗೂ ಕೇಳೋ ಹಂಗ ಹೇಳು."

"ಅಲ್ರೀ, ನಾನೂ ಸಾಲಿನ್ಯಾಗ ನಿಂತು ಎರಡು ಪರಾತ ಕೊಟ್ಟೀನಿ. ಅವಕ್ಕ ಕಲಾಯಿ ಯಾವಾಗ?"

ಗೋಡೆ ಬಿರಿಯುವ ಹಾಗೆ ನಗೆ ಎದ್ದಿತು. ಶ್ರೀಪತಿ ತಲೆ ಎತ್ತದೆ ಹೆಂಡತಿಯ ಪರಾತ ಎರಡನ್ನೂ ಬಗಲಲ್ಲಿಟ್ಟು, ಕಸ್ತೂರಿಬಾಯಿಯ ಹಂಡೆಯನ್ನು ಹೆಗಲಿಗೇರಿಸಿ ಹೊರಟ. ಪೇಟೆಯ ಕಲಾಯಿ ಅಂಗಡಿ ಭಾನುವಾರ ಮುಚ್ಚಿರುತ್ತದೆ ಎಂದು ಹೇಳುವ ಧೈರ್ಯ ಮಾತ್ರ ಅವನಿಗಾಗಲಿಲ್ಲ.