ಒಗ್ಗರಣಿ ಬಿಟ್ಟ ಎಂಟು ತಿಂಗಳು

ನಾನು ಆರೋಗ್ಯದ ಕಡೆ ಗಮನ ಕೊಟ್ಟಾಗಲೆಲ್ಲ ಏನಾದರೊಂದು ಎಡವಟ್ಟು ಆಗಿಯೇ ತೀರುತ್ತದೆ. ಈ ಸಲ ಆದದ್ದನ್ನು ನೆನೆದರೆ ನಗುವೂ ಬರುತ್ತದೆ, ಹೊಟ್ಟೆಯೂ ಉರಿಯುತ್ತದೆ.

೧. ಡಾಕ್ಟರ ಮಾತು

ಕೊಟ್ಟೂರಿನಲ್ಲಿ ಮೇಷ್ಟರ ಕೆಲಸ ನನ್ನದು. ರಕ್ತದಲ್ಲಿ ಕೊಬ್ಬು ಹೆಚ್ಚಾಗಿದೆ ಎಂದು ರಿಪೋರ್ಟ್ ಬಂತು. ಮೈಸೂರು ಕಡೆಯಿಂದ ಹೊಸದಾಗಿ ಬಂದಿದ್ದ ಡಾಕ್ಟರು, "ಮನೇಲಿ ಒಗ್ಗರಣೆ ಜಾಸ್ತೀನಾ?" ಎಂದು ಕೇಳಿದರು. ದಿನಾ ಬೆಳಿಗ್ಗೆ ಎಂದೆ. ಅವರು ಗಾಬರಿಯಾಗಿ, "ಇವತ್ತಿಂದಲೇ ಬಿಟ್ಟುಬಿಡಿ" ಎಂದರು.

ನಮ್ಮ ಕಡೆ ಒಗ್ಗರಣಿ ಎಂದರೆ ಬೆಳಗಿನ ತಿಂಡಿ. ನೆನೆಸಿ ಹಿಂಡಿದ ಮಂಡಕ್ಕಿ, ಈರುಳ್ಳಿ, ಅರಿಶಿನ, ಮೇಲೆ ಪುಟಾಣಿ ಪುಡಿ, ಪಕ್ಕದಲ್ಲಿ ಎರಡು ಬಿಸಿ ಮಿರ್ಚಿ, ಅಂದರೆ ಮೆಣಸಿನಕಾಯಿ ಬಜ್ಜಿ. ವಾರವೆಲ್ಲ ಮನೆಯಲ್ಲಿ, ಭಾನುವಾರ ಮಾತ್ರ ನಾನೂ ಹೆಂಡತಿಯೂ ಬಸ್ ಸ್ಟ್ಯಾಂಡ್ ಹಿಂದಿನ ಹೋಟೆಲಿನಲ್ಲಿ, ಒಂದೇ ಬೆಂಚಿನ ಮೇಲೆ ಕೂತು ತಿನ್ನುತ್ತಿದ್ದೆವು. ಮದುವೆಯಾದಾಗಿನಿಂದ ನಮ್ಮಿಬ್ಬರ ಸುತ್ತಾಟ ಅದೊಂದೇ. ಅದಕ್ಕೂ ಕಲ್ಲು ಬಿತ್ತು.

೨. ವಾಕಿಂಗ್

ಬೆಳಿಗ್ಗೆ ಕೂಡ್ಲಿಗಿ ರಸ್ತೆಯಲ್ಲಿ ನಡೆಯತೊಡಗಿದೆ. ನಡೆಯುವವನಿಗೆ ಬಸ್ಸು ತಪ್ಪಿದೆ ಎಂದೇ ನಮ್ಮ ಜನದ ನಂಬಿಕೆ. ದಿನಾ ನಾಲ್ಕು ಬೈಕು ನಿಲ್ಲುತ್ತಿದ್ದವು, ಬೇಡವೆಂದರೆ ಮುನಿಸು. ಒಂದು ದಿನ ಹಳೆಯ ವಿದ್ಯಾರ್ಥಿಯೊಬ್ಬ ಬಲವಂತವಾಗಿ ಹತ್ತಿಸಿಕೊಂಡು, ಕೇಳದೆಯೇ ಅದೇ ಹೋಟೆಲಿನ ಮುಂದೆ ಇಳಿಸಿದ.

"ನಿಮ್ಮ ದಾರಿ ನನಗ ಗೊತ್ತಿಲ್ಲೇನ್ರಿ ಸರ?" ಎಂದ.

ಎಣ್ಣೆಗೆ ಮಿರ್ಚಿ ಬೀಳುವ ಸದ್ದು ಕೇಳುತ್ತಾ ನಿಂತೆ. ನಮ್ಮ ಬೆಂಚಿನಲ್ಲಿ ಬೇರೆ ಯಾರೋ ಕೂತಿದ್ದರು. ಅಲ್ಲಿಂದ ಕಾಲು ಕಿತ್ತು ಮನೆ ಸೇರಿದ್ದೇ ಆ ದಿನದ ವ್ಯಾಯಾಮ.

೩. ಓಟ್ಸ್

ಹೆಂಡತಿ ಓಟ್ಸ್ ತಂದು ಗಂಜಿ ಕಾಯಿಸಿದಳು. ನಾನು ಕಣ್ಣು ಮುಚ್ಚಿ ನುಂಗಿದೆ. ಉಳಿದದ್ದನ್ನು ಪಕ್ಕದ ಮನೆಯ ಎಮ್ಮೆಗಿಟ್ಟರೆ ಅದು ಮೂಸಿ ಮುಖ ತಿರುಗಿಸಿತು. ನೀನಾದರೂ ಒಗ್ಗರಣಿ ಮಾಡಿಕೊಂಡು ತಿನ್ನು ಎಂದು ಹೆಂಡತಿಗೆ ಹೇಳಿದೆ.

"ನೀವು ಮಖ ಸಣ್ಣದು ಮಾಡ್ಕಂಡು ಕುಂತ್ರ ನನಗ ಹೆಂಗ ಇಳೀತೈತ್ರಿ" ಎಂದಳು.

ಎಂಟು ತಿಂಗಳು ಅವಳೂ ಗಂಜಿಯನ್ನೇ ಕುಡಿದಳು. ನನ್ನ ಬಾಯಿ ಕೆಟ್ಟಿದೆಯೆಂದು ಮರುಗಿ, ಮಧ್ಯಾಹ್ನದ ಸಾರಿಗೆ ಬೆಳ್ಳುಳ್ಳಿ ಜಜ್ಜಿ ಹಾಕಿ ಸೌಟುಗಟ್ಟಲೆ ಎಣ್ಣೆ ಕಾಯಿಸಿ ಸುರಿಯುತ್ತಿದ್ದಳು. ಎಮ್ಮೆಗೆ ಅಷ್ಟು ಪ್ರೀತಿಯೂ ಸಿಗಲಿಲ್ಲ.

೪. ಮತ್ತೆ ಅದೇ ಬೆಂಚು

ಎರಡನೇ ರಿಪೋರ್ಟಿನಲ್ಲಿ ಕೊಬ್ಬು ಇನ್ನಷ್ಟು ಏರಿತ್ತು. ಏನೇನು ತಿನ್ನುತ್ತೀರಿ ಎಂದು ಡಾಕ್ಟರು ಕೇಳಿದರು. ಜೊತೆಗೆ ಬಂದಿದ್ದ ಹೆಂಡತಿ ಎಲ್ಲವನ್ನೂ ಹೇಳಿದಳು, ಸಾರಿನ ಎಣ್ಣೆಯ ಸಮೇತ.

"ನಾನು ಬಿಡಿ ಅಂದಿದ್ದು ಅದನ್ನೇ ಅಲ್ವೇನಮ್ಮಾ" ಎಂದರು ಡಾಕ್ಟರು.

ಅವರ ಊರಿನಲ್ಲಿ ಒಗ್ಗರಣೆ ಎಂದರೆ ಸಾಸಿವೆ ಸಿಡಿಸಿ ಸಾರಿಗೆ ಹಾಕುವುದು, ಅಷ್ಟೇ. ಆ ಹೆಸರಿನ ತಿಂಡಿಯೊಂದಿದೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ. ನಾವು ವಿವರಿಸಿ ಹೇಳಿದ ಮೇಲೆ, ಎಣ್ಣೆ ಕಡಿಮೆ ಇದ್ದರೆ ವಾರಕ್ಕೊಮ್ಮೆ ತಿನ್ನಿ, ಮಿರ್ಚಿ ಮಾತ್ರ ಮುಟ್ಟಬೇಡಿ ಎಂದರು.

ನೇರವಾಗಿ ಹೋಟೆಲಿಗೆ ಹೋದೆವು. ಬೆಂಚು ಖಾಲಿಯಿತ್ತು. ಎರಡು ಪ್ಲೇಟು ಬಂದವು, ನಾಲ್ಕು ಮಿರ್ಚಿ. ಮೊದಲ ತುತ್ತಿಗೆ ನನ್ನ ಕಣ್ಣು ತುಂಬಿದವು, ಖಾರಕ್ಕಲ್ಲ. ಅಷ್ಟರಲ್ಲಿ ಹೆಂಡತಿ ನಾಲ್ಕೂ ಮಿರ್ಚಿಯನ್ನು ತನ್ನ ಪ್ಲೇಟಿಗೆ ಎಳೆದುಕೊಂಡಿದ್ದಳು.

"ಡಾಕ್ಟರ ಊರಾಗ ಮಿರ್ಚಿ ಅಂದ್ರನೂ ಬ್ಯಾರೆ ಏನೋ ಇರಬೇಕು ನೋಡು" ಎಂದೆ.

ಅವಳು ಒಂದನ್ನು ಕಚ್ಚಿ, ನಿಧಾನಕ್ಕೆ ಅಗಿದು ಹೇಳಿದಳು: "ಹೋಗಿ ಕೇಳ್ಕಂಡು ಬರ್ರಿ. ಅಷ್ಟರಾಗ ನಾ ಈ ನಾಕೂ ಮುಗಿಸಿರ್ತೀನಿ."